ಪಾಟಿಯ ಮೇಲೆ ‘ಆನೆ’, ಬಾಯಲ್ಲಿ ‘ಆನಿ’

ಕನ್ನಡ ಬರೆದಂತೆ ಓದುವ, ಓದಿದಂತೆ ಬರೆಯುವ ಭಾಷೆ ಎಂಬ ಮಾತನ್ನು ಕೇಳದವರಿಲ್ಲ. ಇಂಗ್ಲಿಷಿನ ತೊಡಕುಗಳ ಪಕ್ಕದಲ್ಲಿಟ್ಟು ನೋಡಿದರೆ ಈ ಹೆಮ್ಮೆ ಸುಳ್ಳೇನಲ್ಲ. ಆದರೆ ಹುಕ್ಕೇರಿಯಲ್ಲೋ ಗೋಕಾಕದಲ್ಲೋ ಮೂಡಲಗಿಯಲ್ಲೋ ಅಕ್ಷರ ಕಲಿಯಲು ಕುಳಿತ ಮಗುವಿಗೆ ಈ ಮಾತು ಪೂರ್ತಿ ನಿಜವಲ್ಲ. ಪುಸ್ತಕದ ಮೊದಲ ಪುಟದಲ್ಲಿಯೇ ಅದಕ್ಕೊಂದು ಸಣ್ಣ ಅಡ್ಡಿ ಎದುರಾಗುತ್ತದೆ. ಚಿತ್ರದಲ್ಲಿರುವ ಪ್ರಾಣಿ ಮಗುವಿಗೆ ಗೊತ್ತು. ಅದರ ಹೆಸರು ‘ಆನಿ’. ಚಿತ್ರದ ಕೆಳಗೆ ಅಚ್ಚಾಗಿರುವುದು ‘ಆನೆ’.

ಈ ಸೀಮೆಯಲ್ಲಿ ಮನೆ ‘ಮನಿ’, ಮಳೆ ‘ಮಳಿ’, ಹೊಳೆ ‘ಹೊಳಿ’, ಕುದುರೆ ‘ಕುದರಿ’. ಶಾಲೆಯೂ ‘ಸಾಲಿ’ಯೇ. ಪದದ ಕೊನೆಯ ‘ಎ’ಕಾರ ‘ಇ’ಕಾರವಾಗುವುದು ಉತ್ತರ ಕರ್ನಾಟಕದ ಆಡುಮಾತಿನ ಕ್ರಮ. ಅದು ತೊದಲು ನುಡಿಯೂ ಅಲ್ಲ, ಅಶುದ್ಧವೂ ಅಲ್ಲ. ತಿದ್ದುವ ಮಾಸ್ತರರು ಕೂಡ ಸಂಜೆ ಗಂಟೆ ಬಾರಿಸಿದ ಮೇಲೆ ಹೋಗುವುದು ‘ಮನಿ’ಗೇ. ಆದರೆ ಬರೆಯಲು ಕುಳಿತಾಗ ಕಷ್ಟ ಶುರುವಾಗುತ್ತದೆ. ಮಗುವಿನ ಕಿವಿಗೆ ‘ಇಲಿ’ ಮತ್ತು ‘ಎಲಿ’ ಎರಡರ ಕೊನೆಯೂ ಒಂದೇ. ಪುಸ್ತಕ ಮಾತ್ರ ಒಂದಕ್ಕೆ ಗುಡಿಸು ಕೊಡು, ಇನ್ನೊಂದಕ್ಕೆ ಎತ್ವ ಕೊಡು ಎನ್ನುತ್ತದೆ. ಕೈಗೆ ತೊಡುವ ಬಳೆಯನ್ನು ಇಲ್ಲಿಯವರು ‘ಬಳಿ’ ಎನ್ನುತ್ತಾರೆ. ಮಗು ಅದನ್ನು ಕೇಳಿದಂತೆಯೇ ಬರೆದರೆ ‘ಹತ್ತಿರ’ ಎಂಬ ಅರ್ಥದ ಬೇರೆಯೇ ಪದವಾಗಿಬಿಡುತ್ತದೆ. ಕ್ರಿಯಾಪದಗಳದು ಇನ್ನೂ ದೂರದ ದಾರಿ. ಮನೆಯಲ್ಲಿ ‘ಬಂದಾನ’, ‘ಹೋಗ್ಯಾಳ’. ಪುಸ್ತಕದಲ್ಲಿ ‘ಬಂದಿದ್ದಾನೆ’, ‘ಹೋಗಿದ್ದಾಳೆ’.

ಹೀಗಾಗಿ ಈ ಭಾಗದಲ್ಲಿ ಓದು ಕಲಿಯುವುದೆಂದರೆ ಅಕ್ಷರದ ಜೊತೆಗೆ ಇನ್ನೊಂದು ಬಗೆಯ ಕನ್ನಡವನ್ನೂ ಕಲಿಯುವುದು. ಬಾಯಿಯ ಮಾತಿಗೂ ಪುಸ್ತಕದ ಮಾತಿಗೂ ನಡುವಿನ ಈ ದೂರ ಹೊಸದಲ್ಲ. ಇನ್ನೂರು ವರ್ಷಗಳ ಹಿಂದೆ ಇದು ಹೆಚ್ಚೇ ಇತ್ತು.

ಆ ಕಾಲದ ಕನ್ನಡ ಮಕ್ಕಳು ಓದು ಕಲಿಯುತ್ತಿದ್ದ ಬಗೆ ಹೇಗಿತ್ತೆಂಬುದನ್ನು ತಿಳಿಯಲು ಹುಕ್ಕೇರಿಯಿಂದ ಬಳ್ಳಾರಿಗೆ ಹೋಗಬೇಕು. ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ತನ್ನ ಪ್ರಾಂತದ ಊರ ಶಾಲೆಗಳ ವಿವರ ಕೇಳಿದ. ಅದಕ್ಕೆ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರ ಆಗಸ್ಟ್ 17ರಂದು ಕಳಿಸಿದ ಉತ್ತರ ಬರಿಯ ಅಂಕಿಅಂಶದ ಪಟ್ಟಿಯಾಗಿ ಉಳಿಯಲಿಲ್ಲ. ಮಗು ಮನೆಯಿಂದ ಹೊರಟು ಲೆಕ್ಕ ಕಲಿಯುವವರೆಗಿನ ದಾರಿಯನ್ನೆಲ್ಲ ಆತ ಬರೆದಿಟ್ಟಿದ್ದಾನೆ. (ಮನ್ರೋ ಕಾಲದ ಈ ವರದಿಗಳನ್ನು ಧರ್ಮಪಾಲರು 1983ರಲ್ಲಿ ಪುಸ್ತಕವಾಗಿ ತಂದ ಮೇಲೆ ಅವು ಮತ್ತೆ ಚರ್ಚೆಗೆ ಬಂದವು.) ಹುಕ್ಕೇರಿ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು, ನಿಜ. ಆದರೆ ಕ್ಯಾಂಬೆಲ್ ಹೇಳುವ ಹಲಗೆ, ಬಳಪ, ಮಗ್ಗಿ, ಬೆತ್ತ ಇವು ಯಾವ ಪ್ರಾಂತದ ಗಡಿಗೂ ನಿಂತವಲ್ಲ.

ಬಳ್ಳಾರಿ ಜಿಲ್ಲೆಯಲ್ಲಿ ಆಗ 533 ಶಾಲೆಗಳಿದ್ದವು. ಅವುಗಳಲ್ಲಿ 235 ಕನ್ನಡದವು, 226 ತೆಲುಗಿನವು, 23 ಮರಾಠಿಯವು. ಉಳಿದವು ಸಂಸ್ಕೃತ, ಪಾರಸಿ, ತಮಿಳು ಹಾಗೂ ಒಂದೇ ಒಂದು ಇಂಗ್ಲಿಷ್ ಶಾಲೆ. ಒಟ್ಟು ಕಲಿಯುವವರು 6,641. ಅದರಲ್ಲಿ ಹೆಣ್ಣುಮಕ್ಕಳು 60. ಈ ಕೊನೆಯ ಅಂಕಿಯನ್ನು ಓದುಗರು ನೆನಪಿಡಬೇಕು. ಹಳೆಯ ಶಾಲೆಗಳನ್ನು ಹೊಗಳುವ ಉತ್ಸಾಹದಲ್ಲಿ ಅದು ಎಷ್ಟೋ ಸಲ ಮರೆತುಹೋಗುತ್ತದೆ.

ಮಗುವಿಗೆ ಐದು ವರ್ಷ ತುಂಬಿದಾಗ ಗುರು ಮತ್ತು ಶಾಲೆಯ ಮಕ್ಕಳೆಲ್ಲ ಅದರ ಮನೆಗೆ ಬರುತ್ತಿದ್ದರು. ಗಣಪತಿಯ ಮುಂದೆ ಸುತ್ತಲೂ ಕೂರುತ್ತಿದ್ದರು. ಗುರು ಮಗುವಿನ ಬೆರಳು ಹಿಡಿದು ಅಕ್ಕಿಯಲ್ಲಿ ದೇವರ ಹೆಸರು ಬರೆಸುತ್ತಿದ್ದ. ಮರುದಿನ ಬೆಳಿಗ್ಗೆಯಿಂದ ಶಾಲೆ. ಅದು ಆರು ಗಂಟೆಗೇ ಶುರು. ಮೊದಲು ಬಂದವನ ಅಂಗೈಯಲ್ಲಿ ‘ಸರಸ್ವತಿ’ ಎಂದು ಬರೆಯುವುದು ಮರ್ಯಾದೆ. ಎರಡನೆಯವನಿಗೆ ಒಂದು ಸೊನ್ನೆ, ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲ ಎಂಬ ಗುರುತು. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಆಮೇಲೆ ಬಂದವರಿಗೆ ಒಂದೊಂದು ಹೆಚ್ಚು. ಕೊನೆಗೆ ಬಂದವನ ಗತಿಯನ್ನು ಊಹಿಸಬಹುದು. ಸೋಮಾರಿಗಳ ಎರಡೂ ಕೈ ಕಟ್ಟಿ ಸೂರಿಗೆ ತೂಗುಹಾಕುವ ಶಿಕ್ಷೆಯನ್ನೂ ಕ್ಯಾಂಬೆಲ್ ಹೇಳುತ್ತಾನೆ. ನಮ್ಮ ಹಿರಿಯರ ಬಾಲ್ಯದ ಕತೆಗಳಲ್ಲಿ ಬರುವ ‘ಕೋದಂಡ’ ಇದೇ.

ಮುಖ್ಯವಾದ ಸಂಗತಿ ಬೇರೆಯಿದೆ. ಆ ಮಕ್ಕಳು ಅಕ್ಷರವನ್ನು ಮೊದಲು ಬಾಯಿಪಾಠ ಮಾಡುತ್ತಿರಲಿಲ್ಲ, ಬರೆಯುತ್ತಿದ್ದರು. ನೆಲದ ಮೇಲೆ ಮರಳು ಹರಡಿ ಅದರಲ್ಲಿ ಬೆರಳಿನಿಂದ ತಿದ್ದುವುದೇ ಮೊದಲ ಪಾಠ. ಯುರೋಪಿನ ಮಕ್ಕಳು ಅಕ್ಷರದ ಹೆಸರು ಹೇಳಿ ಕಲಿಯುತ್ತಾರೆ, ಇಲ್ಲಿಯವರು ಬರೆದು ಕಲಿಯುತ್ತಾರೆ ಎಂಬುದು ಕ್ಯಾಂಬೆಲ್‌ನ ಕಣ್ಣಿಗೆ ಬಿದ್ದ ದೊಡ್ಡ ವ್ಯತ್ಯಾಸ. ಬೆರಳು ಪಳಗಿದ ಮೇಲೆ ಬೇರೆ ಸಾಧನಗಳು ಬರುತ್ತಿದ್ದವು. ಓಲೆಗರಿಯ ಮೇಲೆ ಕಬ್ಬಿಣದ ಕಂಟ, ಕಾಗದದ ಮೇಲೆ ಲೆಕ್ಕಣಿಕೆ. ಆದರೆ ಹೆಚ್ಚು ಬಳಕೆಯಲ್ಲಿದ್ದವು ಎರಡೇ: ಹಲಗೆ ಮತ್ತು ಕಡತ. ಹಲಗೆ ಎಂದರೆ ಸುಮಾರು ಒಂದು ಅಡಿ ಅಗಲ, ಮೂರು ಅಡಿ ಉದ್ದದ ನುಣುಪಾದ ಮರದ ತುಂಡು. ಅದಕ್ಕೆ ಅನ್ನ ಮತ್ತು ಇದ್ದಲಿನ ಪುಡಿ ಬಳಿದರೆ ಆಯಿತು. ಕಡತ ಬಟ್ಟೆಯದು. ಗಂಜಿ ಹಾಕಿ ಬಿರುಸು ಮಾಡಿ, ಪುಸ್ತಕದಂತೆ ಮಡಿಕೆ ಮಡಿಸಿ, ಇದ್ದಲು ಮತ್ತು ಅಂಟು ಕಲಸಿ ಬಳಿದದ್ದು. ಎರಡರ ಮೇಲೂ ಬರೆಯುವುದು ಬಳಪದಿಂದ, ಅಳಿಸುವುದು ಒದ್ದೆ ಬಟ್ಟೆಯಿಂದ. ಇಂದು ಸರ್ಕಾರಿ ಕಚೇರಿಗಳಲ್ಲಿ ‘ಕಡತ ವಿಲೇವಾರಿ’ ಎನ್ನುವಾಗ ಒಂದು ಕಾಲದಲ್ಲಿ ಅದರ ಮೇಲೆ ಮಕ್ಕಳು ಕಾಗುಣಿತ ತಿದ್ದುತ್ತಿದ್ದರೆಂದು ಯಾರಿಗೆ ನೆನಪಾದೀತು!

ಅಕ್ಷರವಾದ ಮೇಲೆ ಕಾಗುಣಿತ, ಒತ್ತಕ್ಷರ. ಅದಾದ ಮೇಲೆ ಜನರ ಹೆಸರು, ಊರುಗಳ ಹೆಸರು, ಪ್ರಾಣಿಗಳ ಹೆಸರು. ಆಮೇಲೆ ನೂರರವರೆಗೆ ಎಣಿಕೆ, ಕೂಡಿಸುವುದು, ಕಳೆಯುವುದು, ಹಣ ಮತ್ತು ಅಳತೆಯ ಲೆಕ್ಕ. ಕಾಲು, ಅರೆ, ಮುಕ್ಕಾಲಿನ ಭಿನ್ನರಾಶಿಗೆ ಬಹಳ ಒತ್ತು. ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುವ ಪದ್ಧತಿಯನ್ನು ಕ್ಯಾಂಬೆಲ್ ಬಾಯಿತುಂಬ ಹೊಗಳುತ್ತಾನೆ, ಇಂಗ್ಲೆಂಡ್ ಅದನ್ನು ಅನುಕರಿಸಿದ್ದು ಸರಿಯಾಗಿದೆ ಎನ್ನುತ್ತಾನೆ.

ಅವನ ದೂರು ಇದ್ದದ್ದು ಓದುವ ಪುಸ್ತಕಗಳ ಬಗ್ಗೆ. ಅವು ಪದ್ಯದಲ್ಲಿದ್ದವು, ಆಡುವ ಮಾತಿಗೆ ತೀರ ದೂರದ ಹಳೆಯ ಭಾಷೆಯಲ್ಲಿದ್ದವು. ಮಕ್ಕಳು ಗಿಳಿಯಂತೆ ಒಪ್ಪಿಸುತ್ತಿದ್ದರು, ಅರ್ಥ ಮಾತ್ರ ಆಗುತ್ತಿರಲಿಲ್ಲ. ವಿದೇಶಿ ಅಧಿಕಾರಿಯ ಮಾತೆಂದು ಇದನ್ನು ತಳ್ಳಿಹಾಕುವುದು ಸುಲಭ. ಪದ್ಯ ಬಾಯಿಗೆ ಬಂದದ್ದರಿಂದ ನೆನಪು ಬೆಳೆಯಿತು, ಕಿವಿ ಹದವಾಯಿತು ಎಂಬ ವಾದವೂ ಇದೆ. ಆದರೂ ಊರ ಹೆಸರು, ಪ್ರಾಣಿಯ ಹೆಸರು ಬರೆಯುವವರೆಗೆ ಮಗುವಿನ ಲೋಕದೊಳಗೇ ಇದ್ದ ಓದು, ಪುಸ್ತಕ ತೆರೆದೊಡನೆ ಅದರ ಕೈತಪ್ಪಿ ಹೋಗುತ್ತಿತ್ತು ಎನ್ನುವುದು ನಿಜ.

ಹುಕ್ಕೇರಿ ಸೀಮೆಯಲ್ಲಿ ಈ ತೊಡಕಿಗೆ ಇನ್ನೊಂದು ಸೇರಿತು. 1818ರಲ್ಲಿ ಪೇಶ್ವೆಯರ ಆಳ್ವಿಕೆ ಮುಗಿದು ಇಂಗ್ಲಿಷರು ಬಂದರು. 1836ರಲ್ಲಿ ಬೆಳಗಾವಿ ಧಾರವಾಡದಿಂದ ಬೇರೆಯಾಗಿ ಪ್ರತ್ಯೇಕ ಜಿಲ್ಲೆಯಾಯಿತು. ಆಡಳಿತ ಬದಲಾದರೂ ದಫ್ತರದ ಭಾಷೆ ಮರಾಠಿಯಾಗಿಯೇ ಮುಂದುವರಿಯಿತು. ಸರ್ಕಾರ ತೆರೆದ ಶಾಲೆಗಳಲ್ಲಿಯೂ ಬಹುಮಟ್ಟಿಗೆ ಅದೇ ನಡೆಯಿತು. ಮನೆಯಲ್ಲಿ, ಹೊಲದಲ್ಲಿ, ಸಂತೆಯಲ್ಲಿ ಕನ್ನಡ; ಶಾಲೆಯ ಹಲಗೆಯ ಮೇಲೆ ಮರಾಠಿ. ಕಾಗದಪತ್ರಗಳ ವೇಗದ ಬರವಣಿಗೆಗೆ ಮೋಡಿ ಲಿಪಿ, ಪುಸ್ತಕದ ದೇವನಾಗರಿಗೆ ‘ಬಾಳಬೋಧ’ ಎಂಬ ಹೆಸರು. ಬಾಳಬೋಧ ಎಂದರೆ ಬಾಲರಿಗೂ ಬೋಧೆಯಾಗುವಂಥದ್ದು, ಮಕ್ಕಳಿಗೂ ತಿಳಿಯುವಂಥದ್ದು. ಕನ್ನಡ ಮನೆಯ ಮಗುವಿನ ಪಾಲಿಗೆ ಇದಕ್ಕಿಂತ ವಿಪರೀತವಾದ ಹೆಸರು ಇನ್ನೊಂದಿರಲಾರದು.

ಇದನ್ನು ತಿರುಗಿಸಿದವರಲ್ಲಿ ಮೊದಲು ನೆನೆಯಬೇಕಾದ ಹೆಸರು ಡೆಪ್ಯುಟಿ ಚನ್ನಬಸಪ್ಪನವರದು. ಧಾರವಾಡದಲ್ಲಿ ಶಿಕ್ಷಕರನ್ನು ತಯಾರು ಮಾಡುವ ನಾರ್ಮಲ್ ಶಾಲೆಯನ್ನು ನಡೆಸಿ, ಮುಂದೆ ವಿದ್ಯಾಖಾತೆಯ ಡೆಪ್ಯುಟಿ ಇನ್‌ಸ್ಪೆಕ್ಟರ್ ಆದ ಅವರಿಗೆ ಹುದ್ದೆಯ ಹೆಸರೇ ಮನೆತನದ ಹೆಸರಿನಂತೆ ಅಂಟಿಕೊಂಡಿತು. ಷೇಕ್ಸ್‌ಪಿಯರನ ನಾಟಕವೊಂದನ್ನು ‘ನಗದವರನ್ನು ನಗಿಸುವ ಕಥೆ’ ಎಂದು ಕನ್ನಡಕ್ಕೆ ತಂದವರೂ ಅವರೇ. ಜನ ಆಡುವ ಭಾಷೆಯಲ್ಲಿಯೇ ಶಾಲೆ ನಡೆಯಬೇಕೆಂದು ಅವರು ಪಟ್ಟು ಹಿಡಿದರು. ರಸೆಲ್ ಎಂಬ ಇಂಗ್ಲಿಷ್ ಅಧಿಕಾರಿಯ ಬೆಂಬಲವೂ ಸಿಕ್ಕಿತು. 1881ರಲ್ಲಿ ಚನ್ನಬಸಪ್ಪನವರು ತೀರಿಕೊಳ್ಳುವ ಹೊತ್ತಿಗೆ ಮುಂಬಯಿ ಕರ್ನಾಟಕದಲ್ಲಿ ಕನ್ನಡ ಶಾಲೆ ಬೇರುಬಿಟ್ಟಿತ್ತು. ಪಠ್ಯಪುಸ್ತಕ ಬರೆಯಲು ವೆಂಕಟರಂಗೋ ಕಟ್ಟಿಯಂಥವರು ಮುಂದೆ ಬಂದಿದ್ದರು. ಶಿಕ್ಷಕರಿಗಾಗಿ 1865ರಲ್ಲಿಯೇ ಧಾರವಾಡದಿಂದ ‘ಮಠಪತ್ರಿಕೆ’ ಹೊರಟಿತ್ತು. ಇಲ್ಲಿ ಮಠವೆಂದರೆ ಶಾಲೆ. ಅಯ್ಯಗಳು ಊರ ಮಕ್ಕಳನ್ನು ಕೂರಿಸಿಕೊಂಡು ಅಕ್ಷರ ಕಲಿಸುತ್ತಿದ್ದ ಕಾಲದ ಗುರುತು ಆ ಮಾತಿನಲ್ಲಿ ಉಳಿದಿದೆ.

ಮರಾಠಿ ಹೋಯಿತೆಂದರೂ ಶಬ್ದಗಳು ಹೋಗಲಿಲ್ಲ, ಹೋಗಬೇಕಾಗಿಯೂ ಇರಲಿಲ್ಲ. ಹಳೆಯ ಮೈಸೂರಿನವರ ಸ್ಲೇಟು ಇಲ್ಲಿ ‘ಪಾಟಿ’, ಬಳಪ ‘ಪೇಣೆ’, ತರಗತಿ ‘ಇಯತ್ತೆ’, ಮೇಷ್ಟ್ರು ‘ಮಾಸ್ತರ’. ಏಳನೆಯ ಇಯತ್ತೆಯ ಕೊನೆಯ ಪರೀಕ್ಷೆ ‘ಮುಲ್ಕಿ’. ಅದನ್ನು ಪಾಸು ಮಾಡಿದವನಿಗೆ ಊರಲ್ಲಿ ಇದ್ದ ಮರ್ಯಾದೆ ಈಗಿನ ಪದವೀಧರನಿಗಿಲ್ಲ; ಮುಲ್ಕಿಯಾದರೆ ತಾನೂ ಮಾಸ್ತರನಾಗಬಹುದಿತ್ತು. ಇನ್ನು ಮೊದಲ ಪುಸ್ತಕ ‘ಅಂಕಲಿಪಿ’. ಜಾತ್ರೆಯಲ್ಲಿಯೂ ಕಿರಾಣಿ ಅಂಗಡಿಯಲ್ಲಿಯೂ ಸಿಗುವ ಈ ತೆಳ್ಳನೆಯ ಪುಸ್ತಕದಲ್ಲಿ ಅ ಆ ಇ ಈ, ಕಾಗುಣಿತ, ಮಗ್ಗಿ, ವಾರ, ತಿಂಗಳು, ನಕ್ಷತ್ರ, ಸಂವತ್ಸರಗಳೆಲ್ಲ ಇರುತ್ತವೆ. ಎಷ್ಟೋ ಮನೆಗಳಲ್ಲಿ ಪಂಚಾಂಗ ಬಿಟ್ಟರೆ ಇದ್ದ ಮುದ್ರಿತ ಹಾಳೆ ಅದೊಂದೇ. ಅಕ್ಕನಿಗೆ ತಂದ ಅಂಕಲಿಪಿ ತಮ್ಮನಿಗೆ, ತಮ್ಮನಿಂದ ಕೊನೆಯ ತಂಗಿಗೆ. ಅಷ್ಟರಲ್ಲಿ ಮೊದಲ ಪುಟ ಹರಿದು ‘ಅ’ ಮಾಯವಾಗಿರುತ್ತಿತ್ತು.

ಪಾಟಿಯದು ಇನ್ನೊಂದು ಕತೆ. ಮರದ ಚೌಕಟ್ಟಿನ ಕಲ್ಲಿನ ಪಾಟಿಗಳಿಗೆ ಆಂಧ್ರದ ಮಾರ್ಕಾಪುರ ಹೆಸರಾದ ಊರು. ಕೆಳಗೆ ಬಿದ್ದರೆ ಒಡೆಯಿತು, ಮನೆಯಲ್ಲಿ ಏಟು ಬಿತ್ತು. ಉಗುಳಿ ಒರೆಸಿದರೆ ಸರಸ್ವತಿಗೆ ಅಪಮಾನವೆಂದು ಮಾಸ್ತರರ ಬೈಗುಳ. ಅವರು ಬೆನ್ನು ತಿರುಗಿಸಿದೊಡನೆ ಮತ್ತೆ ಅದೇ. ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳಬೇಕು. ಬರೆದದ್ದು ಉಳಿಯದ ಈ ಸಾಧನಕ್ಕೆ ಒಂದು ಒಳ್ಳೆಯ ಗುಣವಿತ್ತು. ತಪ್ಪಿನ ದಾಖಲೆ ಎಲ್ಲಿಯೂ ಇರುತ್ತಿರಲಿಲ್ಲ. ನೋಟುಪುಸ್ತಕದ ಕೆಂಪು ಶಾಯಿ ಬಂದದ್ದು ಆಮೇಲೆ.

ಮಕ್ಕಳು ಕಾಗುಣಿತವನ್ನು ರಾಗವಾಗಿ ಒದರುವುದು ಏಕೆ ಬೇಕಿತ್ತೆಂದು ಈಗಿನವರಿಗೆ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿದರೆ ಕಾರಣ ತಿಳಿಯುತ್ತದೆ. ಕನ್ನಡದಲ್ಲಿ ಸ್ವರ 13, ಯೋಗವಾಹ 2, ವ್ಯಂಜನ 34, ಒಟ್ಟು 49 ಅಕ್ಷರ. ಆದರೆ ಪ್ರತಿ ವ್ಯಂಜನಕ್ಕೂ ಕಾಗುಣಿತದಲ್ಲಿ 15 ರೂಪ; ಅಲ್ಲಿಗೆ 510. ಒತ್ತಕ್ಷರಗಳನ್ನು ಇನ್ನೂ ಎಣಿಸಿಲ್ಲ. ಇಂಗ್ಲಿಷಿನ 26ರ ಜೊತೆ ಇದನ್ನು ಹೋಲಿಸಿ ಕನ್ನಡ ಕಷ್ಟವೆನ್ನುವವರಿದ್ದಾರೆ. ಅದು ಸರಿಯಲ್ಲ. ತಲಕಟ್ಟು, ಇಳಿ, ಗುಡಿಸು, ಕೊಂಬು, ಎತ್ವ ಇವುಗಳ ಕ್ರಮ ಒಮ್ಮೆ ಸಿಕ್ಕಿತೆಂದರೆ ಕಾಣದ ಪದವನ್ನೂ ಓದಬಹುದು. ಆದರೆ ಆ ಕ್ರಮ ಕೈವಶವಾಗಲು ಕಾಲ ಬೇಕು. ಕನ್ನಡ ಮಕ್ಕಳ ಓದಿನ ಬಗ್ಗೆ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. ಅಕ್ಷರಗಳ ಪೂರ್ತಿ ಬಳಗವನ್ನು ಕಲಿಯುವ ಕೆಲಸ ಮೊದಲ ಎರಡು ವರ್ಷಗಳಲ್ಲಿ ಮುಗಿಯದೆ ನಾಲ್ಕನೆಯ ತರಗತಿಯವರೆಗೂ ಸಾಗುತ್ತದೆ. ಎರಡನೆಯ ತರಗತಿಯ ಮಗು ಒತ್ತಕ್ಷರದ ಮುಂದೆ ತಡವರಿಸಿದರೆ ಅದು ದಡ್ಡತನವಲ್ಲ ಎಂಬುದನ್ನು ತಂದೆತಾಯಿಗಳು ತಿಳಿದಿರುವುದು ಒಳ್ಳೆಯದು.

ಇಷ್ಟೆಲ್ಲ ತೊಡಕಿದ್ದರೂ ಈ ಸೀಮೆಯಿಂದ ಬಂದ ಓದುಗರು, ಬರಹಗಾರರು ಕಡಿಮೆಯವರಲ್ಲ. ಗೋಕಾಕ ತಾಲ್ಲೂಕಿನ ಮಮದಾಪುರದಲ್ಲಿ 1899ರಲ್ಲಿ ಹುಟ್ಟಿದ ಡಿ. ಸಿ. ಪಾವಟೆ ಕೇಂಬ್ರಿಜ್ಜಿಗೆ ಹೋಗಿ ರ್‍ಯಾಂಗ್ಲರ್ ಆದರು, ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಯಾದರು. ಅದೇ ತಾಲ್ಲೂಕಿನ ಬೆಟಗೇರಿಯಲ್ಲಿ 1900ರಲ್ಲಿ ‘ಆನಂದಕಂದ’ ಕೃಷ್ಣಶರ್ಮರು, ಮಲಾಮರಡಿಯಲ್ಲಿ 1919ರಲ್ಲಿ ಬಸವರಾಜ ಕಟ್ಟೀಮನಿ ಹುಟ್ಟಿದರು. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ, ಘಟಪ್ರಭೆಯ ದಂಡೆಯಲ್ಲಿ, 1937ರಲ್ಲಿ ಚಂದ್ರಶೇಖರ ಕಂಬಾರರು ಹುಟ್ಟಿದರು. ಬಡತನದಿಂದ ಅವರ ಶಾಲೆ ನಿಂತುಹೋಗುವ ಹಂತಕ್ಕೆ ಬಂದಾಗ ಓದಿನ ಖರ್ಚು ವಹಿಸಿಕೊಂಡವರು ಸಾವಳಗಿ ಮಠದ ಸಿದ್ಧರಾಮ ಸ್ವಾಮಿಗಳು. ಮಠವೆಂದರೆ ಶಾಲೆ ಎಂಬ ಹಳೆಯ ಅರ್ಥ ಇಲ್ಲಿ ಬೇರೊಂದು ರೀತಿಯಲ್ಲಿ ನಿಜವಾಯಿತು.

ಈ ಮಕ್ಕಳಿಗೆ ಅಕ್ಷರಕ್ಕಿಂತ ಮೊದಲೇ ಕಿವಿ ತುಂಬಿತ್ತು ಎನ್ನುವುದನ್ನು ಮರೆಯಬಾರದು. ಈಗ ಮೂಡಲಗಿ ತಾಲ್ಲೂಕಿಗೆ ಸೇರಿದ ಕುಲಗೋಡದ ತಮ್ಮಣ್ಣ ಕಟ್ಟಿಕೊಟ್ಟ ಶ್ರೀಕೃಷ್ಣ ಪಾರಿಜಾತವನ್ನು ಊರೂರಲ್ಲಿ ರಾತ್ರಿಯಿಡೀ ಆಡುತ್ತಿದ್ದರು. ಕೌಜಲಗಿ ನಿಂಗಮ್ಮನಂಥ ಕಲಾವಿದೆಯರು ಅದನ್ನು ಮನೆಮಾತು ಮಾಡಿದರು. ಶ್ರಾವಣದಲ್ಲಿ ಗುಡಿ ಮಠಗಳಲ್ಲಿ ಪುರಾಣ, ಮೊಹರಮ್ಮಿನಲ್ಲಿ ರಿವಾಯತ ಹಾಡು, ಬೀಸುವಾಗ ಹೆಂಗಸರ ಪದ. ಓದು ಬಾರದವರ ಬಾಯಲ್ಲಿಯೂ ಸಾವಿರಾರು ಸಾಲು ಇದ್ದವು. ಕತೆ ಎಂದರೇನು, ಮಾತಿನ ಲಯವೆಂದರೇನು ಎಂಬುದನ್ನು ಮಗು ಶಾಲೆಗೆ ಹೋಗುವ ಮುಂಚೆಯೇ ಕಲಿತಿರುತ್ತಿತ್ತು. ಅದಕ್ಕೆ ಸಿಗದಿದ್ದದ್ದು ಆ ಮಾತು ಅಚ್ಚಿನಲ್ಲಿ ಕಾಣುವ ಸುಖ ಒಂದೇ.

ಆ ಸುಖವನ್ನು ಕೊಟ್ಟವರು ಕಂಬಾರರು. ಅವರ ಪ್ರಸಿದ್ಧ ಕಥನಕವನದ ಹೆಸರು ‘ಹೇಳತೇನ ಕೇಳ’. ಅಂಕಲಿಪಿಯ ಕನ್ನಡದಲ್ಲಿ ಅದು ‘ಹೇಳುತ್ತೇನೆ ಕೇಳು’ ಆಗಬೇಕಿತ್ತು. ಮಾಸ್ತರರು ನೋಡಿದ್ದರೆ ತಿದ್ದುತ್ತಿದ್ದರು. ತಿದ್ದದೆ ಅಚ್ಚಾದ ಆ ಎರಡು ಪದಗಳ ಹಿಂದೆ ಘಟಪ್ರಭೆಯ ದಂಡೆಯ ಎಲ್ಲ ಹುಡುಗರ ಬಾಯಿ ಇದೆ. ಮುಂದೆ 2010ರ ಸಾಲಿನ ಜ್ಞಾನಪೀಠ ಇದೇ ಮಾತಿಗೆ ಬಂತು. 2019ರ ಜನವರಿಯಲ್ಲಿ ಧಾರವಾಡದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದಾಗಲೂ ಪ್ರಾಥಮಿಕ ಶಿಕ್ಷಣ ಕನ್ನಡದಲ್ಲಿಯೇ ಆಗಬೇಕೆಂದು ಅವರು ಒತ್ತಿ ಹೇಳಿದರು.

ಆದರೆ ಅಷ್ಟರಲ್ಲಿ ಗಾಳಿ ಬೇರೆ ದಿಕ್ಕಿಗೆ ತಿರುಗಿತ್ತು. ಒಂದರಿಂದ ನಾಲ್ಕನೆಯ ತರಗತಿವರೆಗೆ ಮಾತೃಭಾಷೆ ಇಲ್ಲವೇ ಕನ್ನಡ ಮಾಧ್ಯಮ ಕಡ್ಡಾಯವೆಂದು ರಾಜ್ಯ 1994ರಲ್ಲಿ ಹೊರಡಿಸಿದ ಆದೇಶ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ಮುಂದೆ 2014ರ ಮೇ 6ರಂದು ಬಿದ್ದುಹೋಯಿತು. 2019ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿಯೇ ಇಂಗ್ಲಿಷ್ ಮಾಧ್ಯಮ ಶುರುವಾಯಿತು. ಬಡವರ ಮಕ್ಕಳಿಗೇಕೆ ಇಂಗ್ಲಿಷ್ ಬೇಡ ಎಂದು ಕೇಳುವ ತಂದೆತಾಯಿಗಳ ಪ್ರಶ್ನೆಗೆ ಸುಲಭದ ಉತ್ತರವಿಲ್ಲ. ಹುಕ್ಕೇರಿ ತಾಲ್ಲೂಕಿನಲ್ಲಿ ಕನ್ನಡದ ಜೊತೆಗೆ ಮರಾಠಿ, ಉರ್ದು ಶಾಲೆಗಳೂ ಇವೆ. ಯಾವ ಮಗುವಿಗೆ ಯಾವುದು ತಾಯಿನುಡಿ ಎಂಬುದೂ ಒಂದೇ ಮಾತಿನಲ್ಲಿ ತೀರುವ ಸಂಗತಿಯಲ್ಲ. ಆದರೂ ‘ಆನಿ’ಯಿಂದ ‘ಆನೆ’ಗೆ ಇರುವುದು ಒಂದು ಸ್ವರದ ದೂರ. ‘ಆನಿ’ಯಿಂದ ‘ಎಲಿಫೆಂಟ್’ಗೆ ಇರುವ ದೂರವನ್ನು ಐದು ವರ್ಷದ ಮಗು ದಾಟಬೇಕೆಂದರೆ ಕೈಹಿಡಿಯುವ ಮಾಸ್ತರರಿಗೆ ಎರಡೂ ದಡ ಗೊತ್ತಿರಬೇಕು.

ಕನ್ನಡ ಶಾಲೆಗಳಲ್ಲಿಯೂ ಕಲಿಸುವ ಕ್ರಮ ಬದಲಾಗಿದೆ. ಮೈಸೂರು ಜಿಲ್ಲೆಯ ಎಚ್. ಡಿ. ಕೋಟೆಯಲ್ಲಿ 1995ರಲ್ಲಿ ಆರಂಭವಾದ ‘ನಲಿ-ಕಲಿ’ ಪದ್ಧತಿಯನ್ನು 2009–10ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ವಿಸ್ತರಿಸಲಾಯಿತು. ಅದರಲ್ಲಿ ಮೊದಲು ಬರುವುದು ಅ ಆ ಇ ಈ ಅಲ್ಲ. ರ, ಗ, ಸ, ದ, ಅ. ಈ ಐದೇ ಅಕ್ಷರ ಬಂದರೆ ಸರ, ರಸ, ದರ, ಅರಸ, ಅಗಸ, ಗರಗಸ ಎಂದು ಪದಗಳನ್ನೇ ಓದಬಹುದು. 49 ಅಕ್ಷರ ಮುಗಿಯುವವರೆಗೆ ಅರ್ಥಕ್ಕಾಗಿ ಕಾಯಬೇಕಾಗಿಲ್ಲ. ಕ್ಯಾಂಬೆಲ್‌ನ ಗಿಳಿಪಾಠದ ದೂರಿಗೆ ಇದೊಂದು ಉತ್ತರವೆನ್ನಬಹುದು.

ಹುಕ್ಕೇರಿಯ ಮಗುವಿಗಂತೂ ಈ ಕ್ರಮದಲ್ಲಿ ಒಂದು ಅನಿರೀಕ್ಷಿತ ಅನುಕೂಲವಿದೆ. ಅರಸ, ಅಗಸ, ಗರಗಸ ಯಾವುದರ ಕೊನೆಯಲ್ಲಿಯೂ ‘ಎ’ಕಾರವಿಲ್ಲ. ಎತ್ವ ಬರುವುದು ಬಹಳ ಮುಂದೆ, ಓದಿನಲ್ಲಿ ಒಂದಿಷ್ಟು ಧೈರ್ಯ ಬಂದ ಮೇಲೆ. ಆಗ ಮಗು ಪುಸ್ತಕದ ‘ಮನೆ’ಯನ್ನು ನೋಡಿ ‘ಮನಿ’ ಎಂದರೆ ಅದು ತಪ್ಪು ಓದಿದೆ ಎಂದು ಎಣಿಸಬೇಕಿಲ್ಲ. ಅಕ್ಷರ ಕೂಡಿಸಿ ‘ಮ-ನೆ’ ಎಂದು ಉಚ್ಚರಿಸಿದ ಮಗುವಿಗೆ ಅರ್ಥವಾಗಿದೆಯೋ ಇಲ್ಲವೋ ಹೇಳಲಾಗದು. ‘ಮನಿ’ ಎಂದ ಮಗುವಿಗೆ ಅರ್ಥವಾಗಿದೆ. ಎತ್ವವನ್ನು ಮರುದಿನ ಹೇಳಿಕೊಡಬಹುದು.